ಭಾವ ಮತ್ತು ವಿಚಾರ: ಶರಣರ ಅರಿವು, ಇಂದಿನ ವಿಜ್ಞಾನ

ಶ್ರಾವಣ ಮಾಸದ ಪ್ರವಚನ ಮಾಲಿಕೆ ಮುಗಿದ ಬಳಿಕ ಶ್ರೀಮಠದ ಭಕ್ತರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ನಮ್ಮ ಮುಂದಿಟ್ಟರು. ಭಕ್ತಿ ಎಂಬುದು ಹೃದಯಕ್ಕೆ ಸಂಬಂಧಿಸಿದ್ದು, ಅಲ್ಲಿ ವಿಚಾರಕ್ಕೇನು ಕೆಲಸ ಎಂದು ಕೆಲವರು ಕೇಳಿದರು. ಮನುಷ್ಯನನ್ನು ದಾರಿ ತಪ್ಪಿಸುವುದು ಭಾವನೆಗಳೇ ಆಗಿರುವಾಗ ಬುದ್ಧಿಯೊಂದನ್ನೇ ನಂಬಿ ಏಕೆ ಬಾಳಬಾರದು ಎಂದು ಇನ್ನು ಕೆಲವರು, ಅವರಲ್ಲೂ ಓದಿದ ತರುಣರು, ಕೇಳಿದರು. ಪ್ರಶ್ನೆಗಳು ಎದುರುಬದುರಾಗಿ ಕಂಡರೂ ಅವೆರಡರ ಬುಡದಲ್ಲಿರುವ ತಿಳಿವಳಿಕೆ ಒಂದೇ. ಭಾವ ಒಂದು ಕಡೆ, ವಿಚಾರ ಇನ್ನೊಂದು ಕಡೆ, ಮನುಷ್ಯನು ಅವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದೇ ಆ ತಿಳಿವಳಿಕೆ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಸಂಸಾರಗಳು ಒಡೆಯುವುದೂ ಕೂಡುವುದೂ, ಮಕ್ಕಳು ಧೈರ್ಯಗೆಡುವುದೂ ಚೇತರಿಸಿಕೊಳ್ಳುವುದೂ ಇವೆರಡರ ಹೊಂದಾಣಿಕೆಯನ್ನೇ ಅವಲಂಬಿಸಿವೆ.

ಪರಂಪರೆಯಲ್ಲಿ ಈ ಗೋಡೆ ಇರಲಿಲ್ಲ

ನಮ್ಮ ಹಿರಿಯರು ಮನಸ್ಸಿನ ಒಳಗನ್ನು ಅಂತಃಕರಣವೆಂದು ಕರೆದು, ಅದರಲ್ಲಿ ಮನ, ಬುದ್ಧಿ, ಚಿತ್ತ, ಅಹಂಕಾರಗಳೆಂಬ ನಾಲ್ಕು ವೃತ್ತಿಗಳನ್ನು ಗುರುತಿಸಿದರು. ಸಂಕಲ್ಪ ವಿಕಲ್ಪಗಳಲ್ಲಿ ತೂಗಾಡುವುದು ಮನ, ನಿಶ್ಚಯಿಸುವುದು ಬುದ್ಧಿ, ನೆನೆಯುವುದು ಚಿತ್ತ, ನಾನು, ನನ್ನದು ಎಂದು ಅಂಟಿಕೊಳ್ಳುವುದು ಅಹಂಕಾರ. ಇವು ನಾಲ್ಕು ಬೇರೆ ಬೇರೆ ವಸ್ತುಗಳಲ್ಲ, ಒಂದೇ ಅಂತಃಕರಣದ ನಾಲ್ಕು ಕೆಲಸಗಳು. ಆಡುಮಾತಿನಲ್ಲಿ ನಾವು ‘ಅವನಿಗೆ ಅಂತಃಕರಣವೇ ಇಲ್ಲ’ ಎಂದಾಗ ಸೂಚಿಸುವುದು ಕರುಣೆಯಿಲ್ಲದಿರುವಿಕೆಯನ್ನು. ಬುದ್ಧಿಯನ್ನೂ ಒಳಗೊಂಡಿರುವ ಪದವೊಂದು ಜನರ ಬಾಯಲ್ಲಿ ಕರುಣೆಯ ಹೆಸರಾಗಿ ಉಳಿದಿರುವುದು ಗಮನಾರ್ಹವಾಗಿದೆ.

ಕಾವ್ಯಮೀಮಾಂಸೆಯಲ್ಲಿಯೂ ಹೀಗೆಯೇ. ಭರತನ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯಗಳೆಂಬ 8 ಸ್ಥಾಯಿಭಾವಗಳ ಜೊತೆಗೆ 33 ವ್ಯಭಿಚಾರಿಭಾವಗಳನ್ನು ಹೇಳುತ್ತದೆ. ಆ 33ರಲ್ಲಿ ಸ್ಮೃತಿ, ಚಿಂತೆ, ಮತಿ, ವಿತರ್ಕಗಳೂ ಸೇರಿವೆ. ನೆನಪು, ಆಲೋಚನೆ, ನಿಶ್ಚಯ, ಊಹಾಪೋಹ ಇವೆಲ್ಲ ನಾವು ಇಂದು ವಿಚಾರವೆಂದು ಬೇರೆಯಾಗಿ ಎತ್ತಿಡುವ ಸಂಗತಿಗಳು. ಪ್ರಾಚೀನರು ಅವನ್ನು ಭಾವಗಳ ಸಾಲಿನಲ್ಲಿಯೇ ಇರಿಸಿದರು. ಕುದಿಯುವ ಮನಸ್ಸೂ ಯೋಚಿಸುತ್ತದೆ, ಯೋಚಿಸುವ ಮನಸ್ಸೂ ಕುದಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಭಾವ ಕಳೆದುಕೊಂಡ ಬುದ್ಧಿ

ಬುದ್ಧಿಯೊಂದನ್ನೇ ನಂಬಿ ಬಾಳಬಹುದೆ ಎಂಬ ತರುಣರ ಪ್ರಶ್ನೆಗೆ ವಿಜ್ಞಾನವು ನೀಡುವ ಉತ್ತರ ಆಶ್ಚರ್ಯಕರವಾಗಿದೆ.

1848ನೆಯ ಇಸವಿಯ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ಪ್ರಾಂತ್ಯದಲ್ಲಿ ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. 25 ವರ್ಷದ ಮೇಸ್ತ್ರಿ ಫಿನಿಯಸ್ ಗೇಜ್ ಮದ್ದನ್ನು ಜಡಿಯುತ್ತಿದ್ದಾಗ ಅದು ಅಕಾಲದಲ್ಲಿ ಸಿಡಿಯಿತು. ಸುಮಾರು 6 ಕಿಲೋಗ್ರಾಂ ತೂಕದ, ಒಂದು ಮೀಟರಿಗಿಂತ ಉದ್ದವಾದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯ ಕೆಳಗಿನಿಂದ ನುಗ್ಗಿ, ಮಿದುಳಿನ ಮುಂಭಾಗವನ್ನು ಸೀಳಿ, ನೆತ್ತಿಯಿಂದ ಹೊರಬಿದ್ದಿತು. ಅವನು ಸಾಯಲಿಲ್ಲ, ಸ್ವಲ್ಪ ಹೊತ್ತಿನಲ್ಲಿಯೇ ಮಾತನಾಡಿದನು. ಆದರೆ ಗಾಯ ಮಾಗಿದ ಮೇಲೆ ಅವನ ಸ್ವಭಾವ ಬದಲಾಗಿತ್ತು. ಚಿಕಿತ್ಸೆ ನೀಡಿದ ವೈದ್ಯ ಜಾನ್ ಹಾರ್ಲೋ 1868ರಲ್ಲಿ ಬರೆದಂತೆ, ಮೊದಲು ಸಮತೋಲದ, ಜವಾಬ್ದಾರಿಯುಳ್ಳ ಆಳಾಗಿದ್ದ ಗೇಜ್ ಈಗ ತಾಳ್ಮೆಯಿಲ್ಲದವನೂ ಬಿರುಸು ಮಾತಿನವನೂ ಆಗಿದ್ದನು. ಒಂದು ಯೋಜನೆಯನ್ನು ಹಾಕಿ ಮುಗಿಸುವ ಮೊದಲೇ ಕೈಬಿಡುತ್ತಿದ್ದನು. ಅವನನ್ನು ಬಲ್ಲವರು ಇವನು ಮೊದಲಿನ ಗೇಜ್ ಅಲ್ಲವೆಂದೇ ಭಾವಿಸಿದರು. ಆದರೆ ಅವನು ಅನಂತರ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಗಾಡಿಯನ್ನು ಓಡಿಸಿ ಜೀವಿಸಿದನೆಂಬುದಕ್ಕೂ ಆಧಾರವಿದೆ. ದಿನವೂ ಒಂದೇ ಶಿಸ್ತಿನಲ್ಲಿ ನಡೆಯುವ ಕಾಯಕವು ಕೆಟ್ಟ ಮನಸ್ಸನ್ನೂ ಸ್ವಲ್ಪಮಟ್ಟಿಗೆ ಕಟ್ಟಿ ನಿಲ್ಲಿಸಿರಬಹುದು ಎಂದು ನಮಗೆ ತೋರುತ್ತದೆ. ಗೇಜ್ 1860ರಲ್ಲಿ ತೀರಿಕೊಂಡನು.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವನ್ನು ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೊಟ್ಟಿದ್ದಾರೆ. ಎಲಿಯಟ್ ಎಂಬ ಹೆಸರಿನಿಂದ ಅವರು ಗುರುತಿಸುವ ರೋಗಿಯೊಬ್ಬರಿಗೆ ಹಣೆಯ ಹಿಂದಿನ ಮಿದುಳಿನಲ್ಲಿ ಗಡ್ಡೆ ಬೆಳೆದು, ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವರಿಗೆ ಯಾವ ಕೊರತೆಯೂ ಕಾಣಲಿಲ್ಲ. ನೆನಪು, ಲೆಕ್ಕ, ಭಾಷೆ, ತರ್ಕ ಎಲ್ಲವೂ ಸರಿಯಾಗಿದ್ದವು. ಆದರೂ ಅವರ ಬಾಳು ಕುಸಿಯಿತು. ಕಚೇರಿಯಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಯೋಚಿಸುತ್ತಲೇ ಹೊತ್ತು ಕಳೆಯುತ್ತಿದ್ದರು. ಕೆಲಸ ಹೋಯಿತು, ಉಳಿತಾಯ ಕರಗಿತು, ಸಂಸಾರ ಮುರಿಯಿತು. ತಮ್ಮ ಈ ದುರಂತವನ್ನು ಅವರು ಬೇರೆ ಯಾರದೋ ಕಥೆಯಂತೆ, ಯಾವ ನೋವೂ ಇಲ್ಲದೆ ಹೇಳುತ್ತಿದ್ದರು. ಅವರಲ್ಲಿ ಇಲ್ಲವಾದದ್ದು ಭಾವ. ಇಂಥದೇ ತೊಂದರೆಯಿದ್ದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗಾಗಿ ಎರಡು ದಿನಾಂಕಗಳನ್ನು ಹೇಳಿದಾಗ, ಸುಮಾರು ಅರ್ಧ ಗಂಟೆಯ ಕಾಲ ಎರಡರ ಗುಣದೋಷಗಳನ್ನೂ ಎಣಿಸುತ್ತ ಕುಳಿತರಂತೆ. ಕೊನೆಗೆ ವೈದ್ಯರೇ ಒಂದನ್ನು ಹೇಳಿದಾಗ ಆಗಲಿ ಎಂದು ಎದ್ದು ಹೋದರಂತೆ.

ಡಮಾಸಿಯೊ ಅವರ ವಿವರಣೆ ಹೀಗಿದೆ: ಹಿಂದಿನ ಪ್ರತಿಯೊಂದು ಅನುಭವವೂ ನಮ್ಮ ದೇಹದಲ್ಲಿ ಹಿತ ಅಥವಾ ಅಹಿತದ ಗುರುತೊಂದನ್ನು ಉಳಿಸಿರುತ್ತದೆ. ಹೊಸ ಆಯ್ಕೆ ಎದುರಾದಾಗ ಆ ಗುರುತು ಎಚ್ಚರಗೊಂಡು, ಇದು ಬೇಡ, ಅದು ಆಗಬಹುದು ಎಂದು ಸೂಚಿಸುತ್ತದೆ. ಎದೆ ಅಳುಕುವುದು, ಹೊಟ್ಟೆ ಹಿಂಡುವುದು, ಮೈ ಹಗುರಾಗುವುದು ಇವೆಲ್ಲ ಅಂಥ ಸೂಚನೆಗಳು. ಅವು ಇಲ್ಲದ ಬುದ್ಧಿಗೆ ಎಲ್ಲ ದಾರಿಗಳೂ ಸಮಾನವಾಗಿ ಕಾಣುತ್ತವೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ಬೆಲೆಯನ್ನು ಕಟ್ಟಿಕೊಡುವುದು ಭಾವ; ಆ ಬೆಲೆಯನ್ನು ಹಿಡಿದು ಲೆಕ್ಕ ಮಾಡುವುದು ಬುದ್ಧಿ. ತಕ್ಕಡಿ ಎಷ್ಟೇ ನಿಖರವಾಗಿದ್ದರೂ ತೂಕದ ಬಟ್ಟೇ ಇಲ್ಲದಿದ್ದರೆ ಏನನ್ನು ತೂಗೀತು?

ಹಗ್ಗ ಮತ್ತು ಹಾವು

ಹಾಗಾದರೆ ಭಾವವನ್ನೇ ನಂಬಬಹುದೆ? ಇಲ್ಲಿ ಎಲ್ಲರಿಗೂ ತಿಳಿದಿರುವ ಹಗ್ಗ ಹಾವಿನ ದೃಷ್ಟಾಂತವು ನೆರವಾಗುತ್ತದೆ. ಮಬ್ಬುಗತ್ತಲಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಬಗೆದು ಮನುಷ್ಯನು ಹಾರಿ ಹಿಂದೆ ಸರಿಯುತ್ತಾನೆ. ದೀಪ ಬಂದ ಮೇಲೆ ಅದು ಹಗ್ಗವೆಂದು ತಿಳಿಯುತ್ತದೆ. ಆದರೆ ತಿಳಿದ ಮೇಲೂ ಎದೆ ಸ್ವಲ್ಪ ಹೊತ್ತು ಹೊಡೆದುಕೊಳ್ಳುತ್ತಲೇ ಇರುತ್ತದೆ.

ಇದರ ಕಾರಣವನ್ನು ನರವಿಜ್ಞಾನಿ ಜೋಸೆಫ್ ಲೆಡೂ ಅವರ ಸಂಶೋಧನೆಗಳು ತೋರಿಸಿವೆ. ಮಿದುಳಿನ ಒಳಭಾಗದಲ್ಲಿ ಎಡಬಲ ಎರಡೂ ಕಡೆ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಸಣ್ಣ ಭಾಗವಿದೆ. ಅಪಾಯದ ಸುಳಿವು ಇದಕ್ಕೆ ಎರಡು ದಾರಿಗಳಿಂದ ತಲುಪುತ್ತದೆ. ಒಂದು ಗಿಡ್ಡ ದಾರಿ. ವಸ್ತುವು ಏನೆಂಬುದು ಸ್ಪಷ್ಟವಾಗುವ ಮೊದಲೇ ಸುದ್ದಿ ಮುಟ್ಟಿ, ದೇಹವು ಓಡಲು ಅಥವಾ ಎದುರಿಸಲು ಸಿದ್ಧವಾಗುತ್ತದೆ. ಇನ್ನೊಂದು ಸುತ್ತಿನ ದಾರಿ. ಮಿದುಳಿನ ಹೊರಪದರದಲ್ಲಿ ಪರಿಶೀಲನೆಯಾಗಿ, ಇದು ಹಗ್ಗ, ಹೆದರಬೇಡ ಎಂಬ ಸುದ್ದಿ ತುಸು ತಡವಾಗಿ ಬರುತ್ತದೆ. ಗಿಡ್ಡ ದಾರಿಯು ಜೀವ ಉಳಿಸಲು ಬೇಕಾದದ್ದು. ನಿಜವಾದ ಹಾವಿದ್ದಾಗ ಅದರ ಬಣ್ಣ, ಜಾತಿಗಳನ್ನು ವಿಚಾರಿಸುತ್ತ ನಿಂತರೆ ಬದುಕುವುದು ಕಷ್ಟ.

ತೊಂದರೆ ಬರುವುದು ಬೇರೆಡೆಯಲ್ಲಿ. ಮಾತು, ನೋಟ, ಮೊಬೈಲಿನಲ್ಲಿ ಬಂದ ಒಂದು ಸಂದೇಶ ಇವೂ ನಮಗೆ ಹಾವುಗಳಾಗಿ ಕಾಣತೊಡಗುತ್ತವೆ. ಯಾರೋ ಕಳುಹಿಸಿದ ಪ್ರಚೋದಕ ಬರಹವನ್ನು ಓದಿದೊಡನೆ ಮೈ ಉರಿದು, ಮರುಕ್ಷಣವೇ ಅದನ್ನು ಹತ್ತು ಜನರಿಗೆ ಕಳುಹಿಸುವ ಕೈಯನ್ನು ನಡೆಸುವುದು ಆ ಗಿಡ್ಡ ದಾರಿಯೇ. ದೀಪ ಬರುವಷ್ಟರಲ್ಲಿ ಊರಿಗೆ ಬೆಂಕಿ ತಗುಲಿರುತ್ತದೆ.

ಭಾವವು ವಿಚಾರವನ್ನು ಬಾಗಿಸುವ ಬಗೆ

ಭಾವವು ವಿಚಾರದ ಬಾಯಿಯನ್ನು ಮುಚ್ಚಿಸುವುದಕ್ಕಿಂತ ಹೆಚ್ಚಾಗಿ ಅದನ್ನು ತನ್ನ ಪರವಾದ ವಕೀಲನನ್ನಾಗಿ ಮಾಡಿಕೊಳ್ಳುತ್ತದೆ. ಸಿಟ್ಟು ಬಂದಾಗ ನಾವು ಯೋಚಿಸುವುದನ್ನು ನಿಲ್ಲಿಸುವುದಿಲ್ಲ. ಬಹಳ ಚುರುಕಾಗಿಯೇ ಯೋಚಿಸುತ್ತೇವೆ. ಆದರೆ ಎದುರಿನವನ ತಪ್ಪುಗಳಷ್ಟೇ ನೆನಪಿಗೆ ಬರುತ್ತವೆ. ಅವನು ಮಾಡಿದ ಉಪಕಾರಗಳು ಹುಡುಕಿದರೂ ಸಿಗುವುದಿಲ್ಲ. ಮನಃಶಾಸ್ತ್ರದ ಅಧ್ಯಯನಗಳು ಇನ್ನೊಂದು ಭೇದವನ್ನೂ ತೋರಿಸಿವೆ. ಹೆದರಿದವನು ಅಪಾಯವನ್ನು ಇರುವುದಕ್ಕಿಂತ ದೊಡ್ಡದೆಂದು ಎಣಿಸಿದರೆ, ಸಿಟ್ಟಿಗೆದ್ದವನು ಅದನ್ನು ಇರುವುದಕ್ಕಿಂತ ಚಿಕ್ಕದೆಂದು ಎಣಿಸುತ್ತಾನೆ. ಸಿಟ್ಟಿನಲ್ಲಿ ಕೋರ್ಟಿನ ಮೆಟ್ಟಿಲೇರಿದವರು ಗೆಲುವು ಖಚಿತವೆಂದೇ ನಂಬಿರುತ್ತಾರೆ.

ಶ್ರೀಮಠಕ್ಕೆ ನ್ಯಾಯ ಕೇಳಿಕೊಂಡು ಬರುವ ಕುಟುಂಬಗಳಲ್ಲಿ ಈ ಮಾತಿನ ಸತ್ಯವನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ತಂದೆ ಲಿಂಗೈಕ್ಯರಾಗಿ ಶಿವಗಣಾರಾಧನೆ ಮುಗಿಯುವ ಮೊದಲೇ ಹೊಲದ ವಾಟಣಿಯ ಮಾತು ಏಳುತ್ತದೆ. ಅಣ್ಣತಮ್ಮಂದಿರು ಪಹಣಿ, ನಕ್ಷೆ, ಹಳೆಯ ರಸೀದಿಗಳನ್ನು ಹಿಡಿದು ಬರುತ್ತಾರೆ. ಬಾವಿ ಯಾರ ಪಾಲಿಗೆ, ಬದುವಿನ ಮೇಲಿನ ಮರ ಯಾರದು ಎಂದು ತರ್ಕಬದ್ಧವಾಗಿಯೇ ವಾದಿಸುತ್ತಾರೆ. ಕಾಗದಗಳನ್ನೆಲ್ಲ ಬದಿಗಿರಿಸಿ ಒಂದು ಗಂಟೆ ಸುಮ್ಮನೆ ಕೇಳಿದರೆ, ನಿಜವಾದ ಮಾತು ಹೊರಗೆ ಬರುತ್ತದೆ. ‘ಅಪ್ಪ ದವಾಖಾನೆಯಲ್ಲಿದ್ದಾಗ ನೀನು ಬರಲಿಲ್ಲ’ ಎಂದು ತಮ್ಮ ಹೇಳುತ್ತಾನೆ. ‘ನನಗೆ ಯಾರೂ ತಿಳಿಸಲಿಲ್ಲ’ ಎಂದು ಅಣ್ಣ ಹೇಳುತ್ತಾನೆ. ವಾದ ನಡೆದದ್ದು ಅರ್ಧ ಎಕರೆಯ ಮೇಲೆ. ಒಳಗಿದ್ದದ್ದು ತಂದೆಯ ಸಾವಿನ ದುಃಖ. ಆ ದುಃಖಕ್ಕೆ ಸಿಟ್ಟಿನ ವೇಷ ಬಂದಿತ್ತು, ಸಿಟ್ಟಿಗೆ ತರ್ಕದ ವೇಷ ಬಂದಿತ್ತು. ಆ ದಿನಗಳಲ್ಲಿ ಸಹಿ ಹಾಕಿದ ಕಾಗದವು ಮುಂದಿನ ಎರಡು ತಲೆಮಾರುಗಳನ್ನು ಬೇರೆ ಮಾಡುತ್ತದೆ.

ವಿಚಾರವು ಭಾವವನ್ನು ತಿದ್ದುವ ಬಗೆ

ದಾರಿ ಒಂದೇ ದಿಕ್ಕಿನದಲ್ಲ ಎಂಬುದು ಸಮಾಧಾನದ ಸಂಗತಿ. ವಿಚಾರವೂ ಭಾವವನ್ನು ಬದಲಿಸಬಲ್ಲದು. ಮದುವೆಯ ಮನೆಯಲ್ಲಿ ಸಂಬಂಧಿಕರೊಬ್ಬರು ಕಂಡೂ ಮಾತನಾಡಿಸದೆ ಹೋದರೆಂದು ನಾವು ನೊಂದುಕೊಳ್ಳುತ್ತೇವೆ. ಅವರ ಮಗ ಅದೇ ವಾರ ಆಸ್ಪತ್ರೆ ಸೇರಿದ್ದನೆಂದು ತಿಳಿದ ಕ್ಷಣವೇ ನಮ್ಮ ಮುನಿಸು ಕರಗಿ ಮರುಕ ಹುಟ್ಟುತ್ತದೆ. ಘಟನೆ ಬದಲಾಗಲಿಲ್ಲ, ಅದಕ್ಕೆ ನಾವು ಕೊಟ್ಟ ಅರ್ಥ ಬದಲಾಯಿತು. ಅರ್ಥದ ಬೆನ್ನಿಗೆ ಭಾವವೂ ಬದಲಾಯಿತು.

ಭಾವವನ್ನು ಅದುಮಿಡುವುದಕ್ಕೂ ಹೀಗೆ ಅರ್ಥವನ್ನು ತಿದ್ದಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳಲ್ಲಿ, ಭಾವವನ್ನು ಮುಖದಲ್ಲಿ ತೋರದಂತೆ ಅದುಮಿಟ್ಟವರ ದೇಹದ ಒಳಗಿನ ಉದ್ವೇಗ ಕಡಿಮೆಯಾಗಲಿಲ್ಲ. ಮೊದಲೇ ಸಂಗತಿಯನ್ನು ಬೇರೆ ದೃಷ್ಟಿಯಿಂದ ಕಾಣಲು ಯತ್ನಿಸಿದವರಲ್ಲಿ ಭಾವದ ಬಿರುಸೇ ಇಳಿಯಿತು. ಆದುದರಿಂದ ‘ಅಳಬೇಡ’, ‘ಸಿಟ್ಟು ನುಂಗಿಕೋ’ ಎಂದು ಮಕ್ಕಳಿಗೆ ಹೇಳುವುದರಿಂದ ಫಲ ಕಡಿಮೆ. ಏಕೆ ಅಳು ಬಂದಿತು ಎಂದು ಕೇಳುವುದರಿಂದ ಫಲ ಹೆಚ್ಚು.

ಭಾವಕ್ಕೆ ಹೆಸರಿಡುವುದೂ ಒಂದು ವಿಚಾರವೇ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳ ಚಿತ್ರವನ್ನು ನೋಡಿ ಆ ಭಾವದ ಹೆಸರನ್ನು ಆರಿಸಿದವರ ಅಮಿಗ್ಡಲಾದ ಚಟುವಟಿಕೆ ತಗ್ಗಿದುದು ಕಂಡುಬಂದಿತು. ನಮ್ಮ ಕನ್ನಡದಲ್ಲಿ ಈ ಕೆಲಸಕ್ಕೆ ಬೇಕಾದ ಸಂಪತ್ತು ಧಾರಾಳವಾಗಿದೆ. ಮುನಿಸು ಹತ್ತಿರದವರ ಮೇಲೆ ಮಾತ್ರ ಬರುವಂಥದು, ಅದರೊಳಗೆ ಪ್ರೀತಿಯಿದೆ. ಸೆಡವು ಮೊಂಡುತನದ್ದು. ಹೊಟ್ಟೆಕಿಚ್ಚು ಇನ್ನೊಬ್ಬರ ಏಳಿಗೆಯಿಂದ ಹುಟ್ಟಿದ್ದು. ಹಗೆ ಬಹುಕಾಲ ಕಾಯ್ದಿಟ್ಟದ್ದು. ತನಗೆ ಬಂದಿರುವುದು ಸಿಟ್ಟಲ್ಲ, ಹೊಟ್ಟೆಕಿಚ್ಚು ಎಂದು ಒಬ್ಬನು ತನ್ನೊಳಗೆ ಒಪ್ಪಿಕೊಂಡನೆಂದರೆ ಅದರ ಅರ್ಧ ಬಲ ಅಲ್ಲಿಯೇ ಉಡುಗುತ್ತದೆ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮೇಶ್ವರರ ಪ್ರಸಂಗವು ಇದಕ್ಕೆ ದೊಡ್ಡ ಉದಾಹರಣೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವ ಕಾಯಕದಲ್ಲಿ ಸಿದ್ಧರಾಮರು ತೊಡಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಅವರನ್ನು ಒಡ್ಡರಾಮನೆಂದು ಕರೆದರು. ಕೆಲಸಗಾರರು ಕೆರಳಿ ಕಲ್ಲೆಸೆದರು. ಸುದ್ದಿ ಕೇಳಿ ಸಿದ್ಧರಾಮರೂ ಕೋಪದಿಂದ ಬಂದರು. ಆ ಕೋಪ ಕೀಳಾದುದಲ್ಲ. ಲೋಕಹಿತದ ಕಾಯಕದ ಮೇಲಿನ ಪ್ರೀತಿಯಿಂದ ಹುಟ್ಟಿದ್ದು. ಆದರೆ ಪ್ರೀತಿಯ ಜೊತೆಗೆ ‘ನಾನು ಮಾಡಿದೆ’ ಎಂಬುದೂ ಬೆರೆತಿತ್ತು. ಅಲ್ಲಮರು ಪ್ರಶ್ನೆಗಳ ಮೂಲಕ ಆ ಬೆರಕೆಯನ್ನು ಬಿಡಿಸಿ ತೋರಿದರು. ಸಿದ್ಧರಾಮರು ಕೋಪವನ್ನು ಅದುಮಲಿಲ್ಲ, ಅದರ ಬೇರನ್ನು ಕಂಡರು. ಕಂಡ ಮೇಲೆ ಕಲ್ಯಾಣದತ್ತ ನಡೆದರು. ಆಯ್ದಕ್ಕಿ ಲಕ್ಕಮ್ಮನವರದೂ ಇದೇ ಬಗೆಯ ವಿವೇಕ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ದಾಸೋಹದ ಉತ್ಸಾಹದೊಳಗೆ ಆಸೆ ನುಸುಳಿರುವುದನ್ನು ಗುರುತಿಸಿ ಹಿಂದಿರುಗಿಸಲು ಹೇಳಿದರು. ಒಳ್ಳೆಯ ಭಾವದ ಬೆನ್ನಿಗೂ ವಿಚಾರದ ಕಣ್ಣು ಬೇಕು ಎಂಬುದನ್ನು ಆ ತಾಯಿ ಕಲಿಸಿದರು.

ಸುಚಿತ್ತದಿಂದ ಸದ್ಭಾವಕ್ಕೆ

ಈಗ ಭಕ್ತಿಯಲ್ಲಿ ವಿಚಾರಕ್ಕೇನು ಕೆಲಸ ಎಂಬ ಮೊದಲ ಪ್ರಶ್ನೆಗೆ ಬರೋಣ. ಷಟ್‌ಸ್ಥಲ ಸಿದ್ಧಾಂತವು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳುತ್ತದೆ. ಮೊದಲನೆಯದು ಶ್ರದ್ಧೆ, ಅದು ಭಾವ. ಮೂರನೆಯದು ಅವಧಾನ, ಅವಧಾನವೆಂದರೆ ಎಚ್ಚರ, ಗಮನ. ಬಂದದ್ದನ್ನೆಲ್ಲ ಸ್ವೀಕರಿಸದೆ, ಪ್ರಸಾದವಾಗಿಸಿ ಸ್ವೀಕರಿಸುವ ಜಾಗರೂಕತೆ ಅದು. ಅದನ್ನು ದಾಟದೆ ಆನಂದವಿಲ್ಲ.

ಆಯಾ ಸ್ಥಲದಲ್ಲಿ ಲಿಂಗಕ್ಕೆ ಅರ್ಪಿಸುವ ಹಸ್ತಗಳನ್ನೂ ಹೇಳಿದೆ: ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ. ಮೊದಲ ನಾಲ್ಕು ಅಂತಃಕರಣದ ನಾಲ್ಕು ವೃತ್ತಿಗಳ ಶುದ್ಧ ರೂಪಗಳು. ಯಾವುದನ್ನೂ ಕಿತ್ತೆಸೆಯಲು ಹೇಳಿಲ್ಲ. ತಿದ್ದಿ ಅರ್ಪಿಸಲು ಹೇಳಿದೆ. ಸುಜ್ಞಾನವು ಐದನೆಯದಾಗಿ, ಸದ್ಭಾವವು ಅದನ್ನು ದಾಟಿ ಆರನೆಯದಾಗಿ ಬರುತ್ತದೆ. ದಾರಿ ಆರಂಭವಾಗುವುದು ಶ್ರದ್ಧೆಯ ಭಾವದಿಂದ, ಮುಗಿಯುವುದೂ ಭಾವದಲ್ಲಿ. ಆದರೆ ಕೊನೆಯ ಭಾವವು ಬುದ್ಧಿ ಜ್ಞಾನಗಳಲ್ಲಿ ಕಾಯ್ದು ಶೋಧಿಸಲ್ಪಟ್ಟ ಭಾವ. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯವರ ಭಕ್ತಿಯನ್ನು ಅಲ್ಲಮರು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದುದೂ ಇದೇ ಕಾರಣಕ್ಕೆ. ಅಕ್ಕನ ಭಾವ ಆ ಪರೀಕ್ಷೆಯಲ್ಲಿ ಕುಗ್ಗಲಿಲ್ಲ, ಬೆಳಗಿತು.

ಮನೆಯಲ್ಲಿ ಆಚರಿಸಬಹುದಾದವು

ಭಕ್ತರು ಈ ಕೆಲವು ಸಂಗತಿಗಳನ್ನು ರೂಢಿಸಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.

ಮೊದಲನೆಯದಾಗಿ, ಸಾವಿನ ಮನೆಯಲ್ಲಿ ಮತ್ತು ಜಗಳದ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಾನೂನಿನ ಗಡುವು ಇಲ್ಲದಿದ್ದರೆ ವಾಟಣಿಯ ಮಾತನ್ನು ಕೆಲವು ತಿಂಗಳಾದರೂ ಮುಂದೂಡಿರಿ.

ಎರಡನೆಯದಾಗಿ, ಸಿಟ್ಟು ಬಂದಾಗ ಅದರ ಸರಿಯಾದ ಹೆಸರನ್ನು ಹುಡುಕಿರಿ. ಕೋಪವನ್ನು ಕುರಿತ ಬಸವಣ್ಣನವರ ವಚನ ನಿಮಗೆಲ್ಲ ಕಂಠಪಾಠವಾಗಿದೆ. ಅದನ್ನು ಹಾಡುವಷ್ಟು ಹೊತ್ತು ಉತ್ತರ ಕೊಡದೆ ನಿಂತರೂ ಸುತ್ತಿನ ದಾರಿಯ ಸುದ್ದಿ ಬಂದು ತಲುಪುತ್ತದೆ.

ಮೂರನೆಯದಾಗಿ, ಇಷ್ಟಲಿಂಗ ಪೂಜೆಯನ್ನು ಅವಸರದಲ್ಲಿ ಮುಗಿಸಬೇಡಿ. ಎಡ ಅಂಗೈಯಲ್ಲಿ ಲಿಂಗವನ್ನು ಇರಿಸಿ, ದೃಷ್ಟಿಯನ್ನು ನಿಲ್ಲಿಸಿ, ಉಸಿರು ನಿಧಾನವಾಗುವವರೆಗೆ ಕುಳಿತಿರಿ. ನಿಧಾನವಾದ ಉಸಿರು ಉದ್ವೇಗವನ್ನು ಇಳಿಸುತ್ತದೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ದಿನವೂ ಹೀಗೆ ತನ್ನ ಮನಸ್ಸನ್ನು ತಾನು ನೋಡಿ ಅಭ್ಯಾಸವಾದವನಿಗೆ ಸಂಕಟದ ಗಳಿಗೆಯಲ್ಲಿಯೂ ಅದು ಸಾಧ್ಯವಾಗುತ್ತದೆ.

ನಾಲ್ಕನೆಯದಾಗಿ, ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳ ಅಂಕಗಳನ್ನು ವಿಚಾರಿಸುವ ಮೊದಲು ಅವರ ಮುಖವನ್ನು ನೋಡಿರಿ. ಹೆದರಿದ ಮನಸ್ಸಿಗೆ ಮುಂದಿನ ದಾರಿಗಳೆಲ್ಲ ಮುಚ್ಚಿದಂತೆ ಕಾಣುತ್ತವೆ. ಆ ಹೊತ್ತಿನಲ್ಲಿ ಉಪದೇಶ ತಲುಪುವುದಿಲ್ಲ. ಹತ್ತಿರ ಕುಳಿತವರ ಕೈ ತಲುಪುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ದುಃಖವು ವಾರಗಟ್ಟಲೆ ಇಳಿಯದೆ, ಊಟ ನಿದ್ರೆಗಳು ಕೆಟ್ಟು, ಬದುಕೇ ಬೇಡವೆಂಬ ಮಾತು ಬರುತ್ತಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಕಾಯಿಲೆ. ‘ಪೂಜೆ ಸರಿಯಾಗಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಅಂಥವರಿಗೆ ಯಾರೂ ಹೇಳಬಾರದು. ಮೈಗೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವಂತೆ ಮನಸ್ಸಿಗೆ ಬಂದಾಗಲೂ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶ್ರೀಮಠದ ಬಾಗಿಲೂ ತೆರೆದಿದೆ. ಕೇಳುವ ಕಿವಿಗಳು ಇಲ್ಲಿವೆ.

ಭಾವವು ನಮಗೆ ಬೆಲೆಯನ್ನು ತಿಳಿಸುತ್ತದೆ, ವಿಚಾರವು ಅದನ್ನು ಒರೆಗೆ ಹಚ್ಚುತ್ತದೆ. ಶರಣರು ಅರಿವು ಆಚಾರಗಳನ್ನು ಜೊತೆಗಿರಿಸಿದಂತೆ ನಾವೂ ಇವೆರಡನ್ನು ಜೊತೆಗಿರಿಸಿಕೊಂಡು ನಡೆದರೆ, ಮನೆಗಳಲ್ಲಿ ಒಡೆಯುವ ಮಾತು ಕಡಿಮೆಯಾಗಿ ಕೂಡುವ ಮಾತು ಹೆಚ್ಚಾದೀತು. ಬಸವಾದಿ ಶಿವಶರಣರ ಕೃಪೆ ಎಲ್ಲರ ಮೇಲಿರಲಿ.

ಶರಣು ಶರಣಾರ್ಥಿಗಳು.